ಇನ್‌ಫ್ಲುಯೆಂಜಾ ವೈರಸ್ ಬೇಗ ಪತ್ತೆ ಮಾಡುವುದು ಹೇಗೆ: ತಾಲ್ಲೂಕು ಪ್ರಯೋಗಾಲಯದವರಿಗೆ ಒಂದು ಕೈಪಿಡಿ

ಜುಲೈ ಕಳೆದು ಆಗಸ್ಟ್ ಬರುವ ಹೊತ್ತಿಗೆ ಕೋಲಾರ ಜಿಲ್ಲೆಯ ಆಸ್ಪತ್ರೆಗಳಲ್ಲಿ ಜ್ವರ, ಒಣಕೆಮ್ಮು, ಗಂಟಲು ನೋವು, ಮೈಕೈ ನೋವು ಎಂದು ಬರುವವರ ಸಾಲು ಉದ್ದವಾಗುತ್ತದೆ. ಜನವರಿಯಿಂದ ಮಾರ್ಚ್‌ವರೆಗೆ ಇಂಥದೇ ಇನ್ನೊಂದು ಅಲೆ ಇರುತ್ತದೆ. ಮಳೆಗಾಲದಲ್ಲಿ ಡೆಂಗಿಯ ಭಯವೂ ಜೊತೆಗಿರುವುದರಿಂದ ಮೊದಲು ರಕ್ತ ತೆಗೆದು ಡೆಂಗಿ ಪರೀಕ್ಷೆ ಮಾಡುವುದು ರೂಢಿಯಾಗಿದೆ. ಅದು ನೆಗೆಟಿವ್ ಬಂದ ಮೇಲೆ ಇನ್‌ಫ್ಲುಯೆಂಜಾದ ನೆನಪಾಗುತ್ತದೆ. ಅಷ್ಟರಲ್ಲಿ ಎರಡು ಮೂರು ದಿನ ಕಳೆದಿರುತ್ತದೆ. ಇನ್‌ಫ್ಲುಯೆಂಜಾಕ್ಕೆ ಕೊಡುವ ಓಸೆಲ್ಟಾಮಿವಿರ್ ಮಾತ್ರೆ ಚೆನ್ನಾಗಿ ಕೆಲಸ ಮಾಡುವುದು ಲಕ್ಷಣ ಕಾಣಿಸಿಕೊಂಡ 48 ಗಂಟೆಯೊಳಗೆ ಶುರು ಮಾಡಿದಾಗ. ಮೂಗು-ಗಂಟಲಿನಲ್ಲಿ ವೈರಸ್ ಹೇರಳವಾಗಿ ಸಿಗುವುದೂ ಮೊದಲ ಮೂರು ನಾಲ್ಕು ದಿನಗಳಲ್ಲಿ. ಹಾಗಾಗಿ ಬೇಗ ಪತ್ತೆ ಮಾಡುವ ಕೆಲಸವು ರೋಗಿ ಬಾಗಿಲಿಗೆ ಬಂದ ಗಳಿಗೆಯಿಂದಲೇ ಆರಂಭವಾಗುತ್ತದೆ.

ಬಂಗಾರಪೇಟೆ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದಂಥ ಕಡೆ ಕೆಲಸ ಮಾಡುವ ಪ್ರಯೋಗಾಲಯ ತಂತ್ರಜ್ಞರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಪಿಸಿಆರ್ (ವೈರಸ್‌ನ ಜೀನ್ ತುಣುಕನ್ನು ಯಂತ್ರದಲ್ಲಿ ಹೆಚ್ಚಿಸಿ ಪತ್ತೆ ಮಾಡುವ ಪರೀಕ್ಷೆ) ಕೊಠಡಿಯಲ್ಲಿ ಕುಳಿತವರಿಗೂ ಕೆಲವು ಮಾತುಗಳು ಉಪಯೋಗವಾಗಬಹುದು. ನಾನು ಕಂಡಂತೆ, ತಪ್ಪಿದ ಫಲಿತಾಂಶಗಳಲ್ಲಿ ಹೆಚ್ಚಿನವು ಯಂತ್ರವನ್ನು ಮುಟ್ಟುವ ಮೊದಲೇ, ಸ್ವ್ಯಾಬ್ ತೆಗೆಯುವಾಗ ಅಥವಾ ಅದನ್ನು ಕಳಿಸುವಾಗ ತಪ್ಪಿದ್ದವು. ಆದ್ದರಿಂದ ಆ ಭಾಗವನ್ನೇ ಹೆಚ್ಚು ವಿವರವಾಗಿ ಹೇಳುತ್ತೇನೆ.

ಯಾರಿಗೆ ಪರೀಕ್ಷೆ ಮಾಡಬೇಕು ಎಂಬುದನ್ನು ಮೊದಲು ವೈದ್ಯರೊಂದಿಗೆ ಖಚಿತಪಡಿಸಿಕೊಳ್ಳಿ. ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿ ರೋಗಿಗಳನ್ನು ಎ, ಬಿ, ಸಿ ಎಂದು ವಿಂಗಡಿಸುತ್ತದೆ. ಸಾಧಾರಣ ಜ್ವರ-ಕೆಮ್ಮಿನ ಎ ವರ್ಗದವರಿಗೆ ಪರೀಕ್ಷೆಯ ಅಗತ್ಯವಿಲ್ಲ. ಗರ್ಭಿಣಿಯರು, ಚಿಕ್ಕ ಮಕ್ಕಳು, 65 ದಾಟಿದವರು, ಸಕ್ಕರೆ ಕಾಯಿಲೆ ಅಥವಾ ಶ್ವಾಸಕೋಶದ ಕಾಯಿಲೆ ಇರುವವರು ಬಿ ವರ್ಗಕ್ಕೆ ಬರುತ್ತಾರೆ. ಅವರಿಗೆ ಪರೀಕ್ಷೆಗೆ ಕಾಯದೆ ಔಷಧ ಕೊಡಬಹುದು. ಉಸಿರಾಟದ ತೊಂದರೆ, ಎದೆನೋವು, ಮಂಪರು, ರಕ್ತದೊತ್ತಡ ಕುಸಿತ, ಉಗುರು ನೀಲಿಗಟ್ಟುವುದು ಇವು ಕಾಣಿಸಿಕೊಂಡ ಸಿ ವರ್ಗದವರನ್ನು ದಾಖಲಿಸಿಕೊಂಡು ಪರೀಕ್ಷೆ ಮಾಡಬೇಕು, ಔಷಧವನ್ನೂ ಆಗಲೇ ಆರಂಭಿಸಬೇಕು. ಕಿಟ್‌ಗಳು ಕಡಿಮೆ ಇರುವ ತಾಲ್ಲೂಕು ಕೇಂದ್ರದಲ್ಲಿ ಈ ವಿಂಗಡಣೆಯನ್ನು ಪಾಲಿಸದಿದ್ದರೆ, ನಿಜವಾಗಿ ಬೇಕಾದ ರೋಗಿ ಬಂದಾಗ ಡಬ್ಬಿ ಖಾಲಿಯಾಗಿರುತ್ತದೆ.

ಇನ್ನು ಸ್ವ್ಯಾಬ್. ನೈಲಾನ್ ನಾರಿನ ಅಥವಾ ಪಾಲಿಯೆಸ್ಟರ್ ತುದಿಯ, ಪ್ಲಾಸ್ಟಿಕ್ ಕಡ್ಡಿಯ ಸ್ವ್ಯಾಬನ್ನೇ ಬಳಸಬೇಕು. ಹತ್ತಿ ಸುತ್ತಿದ ಮರದ ಕಡ್ಡಿ ಮತ್ತು ಕ್ಯಾಲ್ಸಿಯಂ ಆಲ್ಜಿನೇಟ್ ತುದಿಯ ಸ್ವ್ಯಾಬ್ ಎರಡೂ ಪಿಸಿಆರ್ ಕ್ರಿಯೆಗೆ ಅಡ್ಡಿ ಮಾಡುತ್ತವೆ. ಬೇರೆ ಸಿಗಲಿಲ್ಲವೆಂದು ಅವುಗಳನ್ನು ಬಳಸುವುದಕ್ಕಿಂತ ಒಂದು ಗಂಟೆ ಕಾದು ಸರಿಯಾದುದನ್ನು ತರಿಸುವುದು ಮೇಲು. ಎನ್95 ಮಾಸ್ಕ್, ಕೈಗವಸು, ಕಣ್ಣಿನ ರಕ್ಷಣೆ, ಗೌನ್ ಹಾಕಿಕೊಂಡು, ಗಾಳಿಯಾಡುವ ಕಡೆ ರೋಗಿಯನ್ನು ಕೂರಿಸಿ, ಅವರ ಎದುರಿಗೆ ನೇರವಾಗಿ ನಿಲ್ಲದೆ ಸ್ವಲ್ಪ ಪಕ್ಕಕ್ಕೆ ನಿಲ್ಲಿ.

ಮೂಗಿನ ಹಾದಿಯ ಬಗ್ಗೆ ಅನೇಕರಲ್ಲಿ ಒಂದು ತಪ್ಪು ಕಲ್ಪನೆ ಇದೆ. ಹೊಳ್ಳೆಯಿಂದ ಹಾದಿ ಮೇಲಕ್ಕೆ, ಹುಬ್ಬಿನ ಕಡೆಗೆ ಹೋಗುತ್ತದೆ ಎಂದು ಭಾವಿಸಿ ಸ್ವ್ಯಾಬನ್ನು ಮೇಲಕ್ಕೆ ತಳ್ಳುತ್ತಾರೆ. ಅದು ತಾಗಿ ನೋವಾಗುತ್ತದೆ, ರೋಗಿ ತಲೆ ಕೊಡವುತ್ತಾರೆ, ಅಲ್ಲಿಗೆ ಕೆಲಸ ಮುಗಿಯಿತೆಂದು ಹೊರಗೆ ತೆಗೆಯುತ್ತಾರೆ. ಹಾದಿ ಇರುವುದು ಅಂಗುಳಕ್ಕೆ ಸಮಾನಾಂತರವಾಗಿ, ಹೊಳ್ಳೆಯಿಂದ ಕಿವಿಯ ದಿಕ್ಕಿಗೆ. ರೋಗಿಯ ತಲೆಯನ್ನು ಸ್ವಲ್ಪ ಹಿಂದಕ್ಕೆ ವಾಲಿಸಿ, ಹೊಳ್ಳೆಯಿಂದ ಕಿವಿಯವರೆಗಿನ ದೂರದ ಅರ್ಧದಷ್ಟು ಆಳಕ್ಕೆ ಸ್ವ್ಯಾಬನ್ನು ಮೆಲ್ಲಗೆ ನಡೆಸಿ, ಹಿಂಬದಿಯ ಗೋಡೆ ತಾಗಿದ್ದು ಕೈಗೆ ಗೊತ್ತಾದ ಮೇಲೆ ಕೆಲವು ಸೆಕೆಂಡ್ ಅಲ್ಲೇ ಇಟ್ಟು, ತಿರುಗಿಸುತ್ತ ಹೊರತೆಗೆಯಬೇಕು. ಗಂಟಲಿನ ಸ್ವ್ಯಾಬ್ ತೆಗೆಯುವಾಗ ನಾಲಿಗೆಗೆ ತಾಗಿಸದೆ ಹಿಂಗೋಡೆ ಮತ್ತು ಟಾನ್ಸಿಲ್ ಭಾಗವನ್ನು ಉಜ್ಜಬೇಕು. ಎರಡೂ ಸ್ವ್ಯಾಬ್‌ಗಳನ್ನು ಒಂದೇ ವಿಟಿಎಂ (ವೈರಸ್ ಕೆಡದಂತೆ ಸಾಗಿಸುವ ದ್ರವದ) ಟ್ಯೂಬಿಗೆ ಹಾಕಿದರೆ ವೈರಸ್ ಸಿಗುವ ಸಾಧ್ಯತೆ ಹೆಚ್ಚುತ್ತದೆ.

ರೋಗಿಗೆ ಏನಾಗಲಿದೆ ಎಂದು ಮೊದಲೇ ಹೇಳಿದರೆ ಅರ್ಧ ಕೆಲಸ ಆದಂತೆ. ತೆಲುಗು ಮನೆಮಾತಿನ ಒಬ್ಬ ಹಿರಿಯರು ಒಮ್ಮೆ ನಮ್ಮಲ್ಲಿ ಸ್ವ್ಯಾಬ್ ನೋಡಿಯೇ ಕುರ್ಚಿಯಿಂದ ಎದ್ದುಬಿಟ್ಟರು. ಜೊತೆಯಲ್ಲಿದ್ದ ನರ್ಸ್ ಅವರ ಕೈ ಹಿಡಿದು, "ಅಜ್ಜಿ, ಕಣ್ಣಲ್ಲಿ ನೀರು ಬರುತ್ತೆ, ಸೀನು ಬಂದ ಹಾಗಾಗುತ್ತೆ, ಹತ್ತು ಎಣಿಸೋದರಲ್ಲಿ ಮುಗೀತು" ಎಂದು ಅವರದೇ ಮಾತಿನಲ್ಲೂ ಹೇಳಿ, ತಾವೇ ಗಟ್ಟಿಯಾಗಿ ಎಣಿಸಿದರು. ಎಂಟಕ್ಕೆ ಸ್ವ್ಯಾಬ್ ಹೊರಗಿತ್ತು. ಆ ಮಾದರಿ ಅಂದು ತೆಗೆದವುಗಳಲ್ಲೇ ಅತ್ಯುತ್ತಮವಾಗಿತ್ತು. ಮಗುವಾದರೆ ತಾಯಿಯ ಮಡಿಲಲ್ಲಿ ಕೂರಿಸಿ, ಮಗುವಿನ ಬೆನ್ನು ತಾಯಿಯ ಎದೆಗೆ ಒರಗುವಂತೆ ಹಿಡಿಸಿ, ತಾಯಿಯ ಒಂದು ಕೈ ಮಗುವಿನ ಹಣೆಯ ಮೇಲಿರಲಿ.

ವಿಟಿಎಂ ಟ್ಯೂಬಿನಲ್ಲಿ 2ರಿಂದ 3 ಮಿಲಿಲೀಟರ್ ದ್ರವ ಇರುತ್ತದೆ. ಸ್ವ್ಯಾಬನ್ನು ಅದರಲ್ಲಿ ಮುಳುಗಿಸಿ, ಕಡ್ಡಿಯನ್ನು ಗುರುತಿನ ಬಳಿ ಮುರಿದು, ಮುಚ್ಚಳ ಬಿಗಿಮಾಡಿ, ಹೆಸರು, ವಯಸ್ಸು, ಲಕ್ಷಣ ಕಾಣಿಸಿಕೊಂಡ ದಿನ, ಮಾದರಿ ತೆಗೆದ ದಿನ ಮತ್ತು ಗಂಟೆ ಬರೆಯಿರಿ. ಲಕ್ಷಣ ಕಾಣಿಸಿಕೊಂಡ ದಿನವನ್ನು ಬರೆಯದೆ ಬಿಡುವವರು ಬಹಳ. ಏಳನೇ ದಿನದ ಮಾದರಿ ನೆಗೆಟಿವ್ ಬಂದರೆ ಅದಕ್ಕಿರುವ ಅರ್ಥವೇ ಬೇರೆ, ಎರಡನೇ ದಿನದ ನೆಗೆಟಿವ್‌ಗೆ ಇರುವ ಅರ್ಥವೇ ಬೇರೆ. ಆ ಒಂದು ದಿನಾಂಕ ಇಲ್ಲದಿದ್ದರೆ ವರದಿ ಓದುವವರಿಗೆ ಆಧಾರವೇ ಇರುವುದಿಲ್ಲ.

ಮಾದರಿಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟರೆ 72 ಗಂಟೆಯವರೆಗೆ ಪರೀಕ್ಷಿಸಬಹುದು. ಅದಕ್ಕಿಂತ ತಡವಾಗುವುದಾದರೆ ಮೈನಸ್ 70 ಡಿಗ್ರಿಯ ಫ್ರೀಜರಿಗೇ ಹೋಗಬೇಕು. ಮನೆಯ ಫ್ರಿಜ್ಜಿನಂಥದರ ಮೇಲಿನ ಐಸ್ ಪೆಟ್ಟಿಗೆಯಲ್ಲಿ, ಅಂದರೆ ಮೈನಸ್ 20ರ ಆಸುಪಾಸಿನಲ್ಲಿ, ಇಡುವುದರಿಂದ ಮಾದರಿ ಕೆಡುತ್ತದೆ. ಹೆಪ್ಪುಗಟ್ಟಿ ಕರಗಿ ಮತ್ತೆ ಹೆಪ್ಪುಗಟ್ಟಿದರೆ ಇನ್ನೂ ಕೆಡುತ್ತದೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಶುಕ್ರವಾರ ಸಂಜೆ ತೆಗೆದ 11 ಮಾದರಿಗಳು ಸೋಮವಾರ ಸಂಜೆ ನನ್ನ ಮೇಜಿಗೆ ಬಂದವು. ವ್ಯಾಕ್ಸಿನ್ ಕ್ಯಾರಿಯರ್ ತೆರೆದರೆ ಐಸ್ ಪ್ಯಾಕ್‌ಗಳು ಪೂರ್ತಿ ಕರಗಿ ಬೆಚ್ಚಗಾಗಿದ್ದವು, ಎರಡು ಟ್ಯೂಬ್‌ಗಳ ಹೊರಮೈಯ ಶಾಯಿ ಕರಗಿ ಹೆಸರು ಅಳಿಸಿಹೋಗಿತ್ತು. ಹನ್ನೊಂದೂ ನೆಗೆಟಿವ್ ಬಂದವು. ಅವರಲ್ಲಿ ಮೂವರು ತೀವ್ರ ನಿಗಾ ಘಟಕದಲ್ಲಿದ್ದರು. ಆ ನೆಗೆಟಿವ್‌ಗಳನ್ನು ನಾನು ವರದಿಯಾಗಿ ಕಳಿಸದೆ ಹೊಸ ಮಾದರಿ ಕೇಳಿದೆ. ಮತ್ತೆ ತೆಗೆದಾಗ ಇಬ್ಬರಲ್ಲಿ ಎಚ್1ಎನ್1 (ಇನ್‌ಫ್ಲುಯೆಂಜಾ ಎ ವೈರಸ್‌ನ ಒಂದು ಬಗೆ) ಇತ್ತು. ಕೋಲಾರದಿಂದ ಬೆಂಗಳೂರು ಸುಮಾರು 70 ಕಿಲೋಮೀಟರ್, ಎರಡು ಗಂಟೆಯ ಹಾದಿ. ಮಾದರಿ ಕೆಡಲು ದೂರ ಕಾರಣವಾಗಿರಲಿಲ್ಲ, ವಾರಾಂತ್ಯಕ್ಕೆ ಯಾರು ಹೊಣೆ ಎಂದು ಮೊದಲೇ ಗೊತ್ತುಮಾಡಿರಲಿಲ್ಲ ಅಷ್ಟೆ. ಪ್ಯಾಕ್ ಮಾಡುವಾಗ ಮೂರು ಪದರ ಇರಬೇಕು: ಟ್ಯೂಬು, ಅದನ್ನು ಹೀರುವ ಹತ್ತಿಯೊಂದಿಗೆ ಸುತ್ತಿಟ್ಟ ಸೋರದ ಡಬ್ಬಿ, ಹೊರಗಿನ ಗಟ್ಟಿ ಪೆಟ್ಟಿಗೆ. ಅರ್ಜಿ ಕಾಗದವನ್ನು ಟ್ಯೂಬಿಗೆ ಸುತ್ತಬೇಡಿ, ಬೇರೆ ಪ್ಲಾಸ್ಟಿಕ್ ಚೀಲದಲ್ಲಿಡಿ.

ಹಾಸಿಗೆಯ ಪಕ್ಕದಲ್ಲೇ ಮಾಡಬಹುದಾದ ಪರೀಕ್ಷೆ ಎಂದರೆ ಆ್ಯಂಟಿಜೆನ್ ಕಿಟ್. ಕೋವಿಡ್ ಕಾಲದಲ್ಲಿ ಎಲ್ಲರೂ ನೋಡಿದ ಪಟ್ಟಿಯಂಥದ್ದೇ. ವೈರಸ್‌ನ ಒಳಗಿರುವ ನ್ಯೂಕ್ಲಿಯೋಪ್ರೋಟೀನ್ ಎಂಬ ಪ್ರೋಟೀನನ್ನು ಅದು ಹಿಡಿಯುತ್ತದೆ. ಹೊರಮೈಯ ಪ್ರೋಟೀನ್‌ಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ, ಒಳಗಿನದು ಅಷ್ಟು ಬದಲಾಗುವುದಿಲ್ಲ; ಅದಕ್ಕೇ ಈ ಆಯ್ಕೆ. ಇದೇ ಕಾರಣದಿಂದ ಕಿಟ್ ಎ ಮತ್ತು ಬಿ ವೈರಸ್‌ಗಳನ್ನು ಬೇರ್ಪಡಿಸಬಲ್ಲದೇ ಹೊರತು, ಎ ವೈರಸ್ ಎಚ್1ಎನ್1ವೋ ಎಚ್3ಎನ್2ವೋ ಎಂದು ಹೇಳಲಾರದು.

ಫ್ರಿಜ್ಜಿನಲ್ಲಿಟ್ಟ ಕಿಟ್ ಆದರೆ ಪೊಟ್ಟಣ ಒಡೆಯುವ ಮೊದಲು ಕೊಠಡಿಯ ಉಷ್ಣತೆಗೆ ಬರಲು ಅರ್ಧ ಗಂಟೆ ಬಿಡಿ, ಇಲ್ಲವಾದರೆ ಪಟ್ಟಿಯ ಮೇಲೆ ತೇವ ಕೂರುತ್ತದೆ. ಸ್ವ್ಯಾಬನ್ನು ನೇರವಾಗಿ ಕಿಟ್‌ನ ದ್ರಾವಣದಲ್ಲಿ ಅದ್ದಬೇಕು. ಮೂರು ಮಿಲಿಲೀಟರ್ ವಿಟಿಎಂನಲ್ಲಿ ಕಲಸಿದ ಮಾದರಿಯಿಂದ ಕೆಲವು ಹನಿ ತೆಗೆದು ಹಾಕಿದರೆ ಆ್ಯಂಟಿಜೆನ್ ತೆಳುವಾಗಿ ಗೆರೆ ಮೂಡದೆ ಹೋಗಬಹುದು. ವಿಟಿಎಂ ಒಪ್ಪುತ್ತದೆಂದು ಕಿಟ್‌ನ ಕಾಗದದಲ್ಲಿ ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ ಹಾಗೆ ಮಾಡಿ. ಟ್ಯೂಬಿನ ಗೋಡೆಗೆ ಸ್ವ್ಯಾಬನ್ನು ಒತ್ತಿ ಹಿಂಡಿ, ಹೇಳಿದಷ್ಟೇ ಹನಿ ಹಾಕಿ, ಗಡಿಯಾರ ನೋಡಿ. ಹತ್ತು ಅಥವಾ ಹದಿನೈದು ನಿಮಿಷ ಎಂದಿದ್ದರೆ ಆ ನಿಮಿಷಕ್ಕೇ ಓದಬೇಕು. ಅರ್ಧ ಗಂಟೆ ಬಿಟ್ಟು ಬಂದು ನೋಡಿದಾಗ ಮೂಡಿರುವ ಮಸುಕು ಗೆರೆಗೆ ಬೆಲೆಯಿಲ್ಲ. ಸರಿಯಾದ ಹೊತ್ತಿಗೆ ಓದಿದಾಗ ಗೆರೆ ಎಷ್ಟೇ ಮಸುಕಾಗಿದ್ದರೂ ಅದು ಪಾಸಿಟಿವ್. ಪರೀಕ್ಷೆ ಸರಿಯಾಗಿ ನಡೆದಿದೆಯೆಂದು ತೋರಿಸುವ ಕಂಟ್ರೋಲ್ ಗೆರೆ ಬಾರದಿದ್ದರೆ ಪರೀಕ್ಷೆಯೇ ಅಸಿಂಧು. ಮಸುಕಾದ ಗೆರೆಯನ್ನು ಒಂಟಿಯಾಗಿ ತೀರ್ಮಾನಿಸದೆ ಕಿಟಕಿಯ ಬೆಳಕಿಗೆ ಹಿಡಿದು ಇನ್ನೊಬ್ಬರಿಗೂ ತೋರಿಸುವ ಅಭ್ಯಾಸ ಒಳ್ಳೆಯದು.

ಈಗ ಈ ಕಿಟ್‌ನ ಫಲಿತಾಂಶವನ್ನು ಎಷ್ಟು ನಂಬಬೇಕು ಎಂಬ ಪ್ರಶ್ನೆ. ಪಿಸಿಆರ್‌ಗೆ ಹೋಲಿಸಿದರೆ ಆ್ಯಂಟಿಜೆನ್ ಕಿಟ್‌ಗಳು ನಿಜವಾದ ರೋಗಿಗಳಲ್ಲಿ ಸಾಮಾನ್ಯವಾಗಿ ಶೇಕಡ 50ರಿಂದ 70ರಷ್ಟು ಮಂದಿಯನ್ನು ಹಿಡಿಯುತ್ತವೆ. ರೋಗವಿಲ್ಲದವರನ್ನು ಇಲ್ಲವೆಂದು ಹೇಳುವುದರಲ್ಲಿ ಶೇಕಡ 95ಕ್ಕಿಂತ ಮೇಲಿರುತ್ತವೆ. ಉಪಕರಣದಿಂದ ಓದುವ ಹೊಸ ಕಿಟ್‌ಗಳು ಸ್ವಲ್ಪ ಮೇಲು. ಇದನ್ನು ಒಂದು ಲೆಕ್ಕದಲ್ಲಿ ನೋಡೋಣ. ಆಗಸ್ಟ್‌ನಲ್ಲಿ ಬಂದ 100 ಜ್ವರದ ರೋಗಿಗಳಲ್ಲಿ 30 ಮಂದಿಗೆ ಇನ್‌ಫ್ಲುಯೆಂಜಾ ಇದೆ ಎಂದುಕೊಳ್ಳಿ, ಕಿಟ್ ಶೇಕಡ 60ರಷ್ಟು ಹಿಡಿಯುತ್ತದೆ, ಇಲ್ಲದವರಲ್ಲಿ ಶೇಕಡ 98 ಮಂದಿಯನ್ನು ಸರಿಯಾಗಿ ಬಿಡುತ್ತದೆ. ಆಗ 18 ಮಂದಿ ಸಿಕ್ಕುತ್ತಾರೆ, 12 ಮಂದಿ ತಪ್ಪಿಹೋಗುತ್ತಾರೆ, ಸುಳ್ಳು ಪಾಸಿಟಿವ್ ಒಂದೋ ಎರಡೋ. ಅಂದರೆ ನೆಗೆಟಿವ್ ಎಂದು ಮನೆಗೆ ಹೋದ ಸುಮಾರು 80 ಜನರಲ್ಲಿ ಏಳಕ್ಕೆ ಒಬ್ಬರಂತೆ ವೈರಸ್ ಹೊತ್ತೇ ಹೋಗಿದ್ದಾರೆ. ಅದೇ ಕಿಟ್ಟನ್ನು ಅಲೆ ಇಲ್ಲದ ಮೇ ತಿಂಗಳಲ್ಲಿ 1000 ಜನರಿಗೆ ಬಳಸಿ, ಅವರಲ್ಲಿ 20 ಮಂದಿಗೆ ಮಾತ್ರ ರೋಗವಿದ್ದರೆ, 12 ನಿಜವಾದ ಪಾಸಿಟಿವ್ ಜೊತೆಗೆ ಸುಮಾರು 20 ಸುಳ್ಳು ಪಾಸಿಟಿವ್ ಬರುತ್ತವೆ. ಕಿಟ್ ಬದಲಾಗಲಿಲ್ಲ, ಕಾಲ ಬದಲಾಯಿತು. ಹಾಗಾಗಿ ಅಲೆಯ ಕಾಲದಲ್ಲಿ ಪಾಸಿಟಿವನ್ನು ನಂಬಿ ನೆಗೆಟಿವನ್ನು ಅನುಮಾನಿಸಿ. ಅಲೆ ಇಲ್ಲದ ಕಾಲದಲ್ಲಿ ಪಾಸಿಟಿವನ್ನೂ ಪಿಸಿಆರ್‌ನಿಂದ ಖಚಿತಪಡಿಸಿಕೊಳ್ಳಿ. ದಾಖಲಾದ ರೋಗಿಯ ಆ್ಯಂಟಿಜೆನ್ ನೆಗೆಟಿವ್ ಬಂದಿತೆಂದು ಔಷಧ ನಿಲ್ಲಿಸುವಂತಿಲ್ಲ. ನೆಗೆಟಿವ್ ವರದಿಯ ಕೆಳಗೆ "ಈ ಫಲಿತಾಂಶ ಇನ್‌ಫ್ಲುಯೆಂಜಾ ಇಲ್ಲವೆಂದು ಖಚಿತಪಡಿಸುವುದಿಲ್ಲ" ಎಂಬ ಸಾಲನ್ನು ನಾನು ಯಾವಾಗಲೂ ಬರೆಯುತ್ತೇನೆ, ನಿಮ್ಮನ್ನೂ ಬರೆಯಲು ಕೇಳುತ್ತೇನೆ.

ವೇಗವೂ ಬೇಕು, ನಂಬಿಕೆಯೂ ಬೇಕು ಎಂದರೆ ಕಾರ್ಟ್ರಿಜ್ ಮಾದರಿಯ ಪಿಸಿಆರ್ ಯಂತ್ರಗಳಿವೆ. ಕ್ಷಯ ಪತ್ತೆಗಾಗಿ ನಮ್ಮ ಜಿಲ್ಲೆಗಳಲ್ಲಿ ಸಿಬಿನ್ಯಾಟ್ ಎಂದು ಕರೆಯುವ ಜೀನ್‌ಎಕ್ಸ್‌ಪರ್ಟ್ ಯಂತ್ರದ ಪರಿಚಯ ನಿಮಗಿದ್ದೇ ಇರುತ್ತದೆ. ಯಂತ್ರ ಅದೇ, ಕಾರ್ಟ್ರಿಜ್ ಬೇರೆ. ಇನ್‌ಫ್ಲುಯೆಂಜಾ ಎ, ಬಿ ಮತ್ತು ಆರ್‌ಎಸ್‌ವಿ (ಉಸಿರಾಟದ ಇನ್ನೊಂದು ವೈರಸ್) ಪತ್ತೆಯ ಕಾರ್ಟ್ರಿಜ್ ಸುಮಾರು ಅರ್ಧ ಗಂಟೆಯಲ್ಲಿ ಉತ್ತರ ಕೊಡುತ್ತದೆ. ವೈರಸ್‌ನ ಜೀನ್‌ಗಳಿರುವ ಆರ್‌ಎನ್‌ಎ ಬೇರ್ಪಡಿಸುವುದು, ಹೆಚ್ಚಿಸುವುದು, ಓದುವುದು ಎಲ್ಲವೂ ಮುಚ್ಚಿದ ಕಾರ್ಟ್ರಿಜ್ಜಿನೊಳಗೇ ನಡೆಯುವುದರಿಂದ ಒಂದು ಮಾದರಿ ಇನ್ನೊಂದಕ್ಕೆ ಬೆರೆಯುವ ಅಪಾಯ ಕಡಿಮೆ. ಒಂದೇ ಉಷ್ಣತೆಯಲ್ಲಿ, 60ರಿಂದ 65 ಡಿಗ್ರಿಯಲ್ಲಿ, ಅರ್ಧದಿಂದ ಒಂದು ಗಂಟೆಯೊಳಗೆ ನಡೆಯುವ ಲ್ಯಾಂಪ್ ಎಂಬ ವಿಧಾನವೂ ಇದೆ. ಜಪಾನಿನ ವಿಜ್ಞಾನಿಗಳು ಇದನ್ನು 2000ರಲ್ಲಿ ಪ್ರಕಟಿಸಿದರು. ದುಬಾರಿ ಯಂತ್ರ ಬೇಡದಿರುವುದು ಅದರ ಹಿರಿಮೆ. ಆದರೆ ಕ್ರಿಯೆ ಮುಗಿದ ಟ್ಯೂಬನ್ನು ಕೊಠಡಿಯಲ್ಲಿ ತೆರೆದರೆ ಮುಂದಿನ ವಾರಗಟ್ಟಲೆ ಎಲ್ಲವೂ ಪಾಸಿಟಿವ್ ಬರುತ್ತದೆ. ಆ ಟ್ಯೂಬನ್ನು ಎಂದೂ ತೆರೆಯಬಾರದು.

ಜಿಲ್ಲಾ ಮಟ್ಟದಲ್ಲಿ ಅಂತಿಮ ಮಾತು ರಿಯಲ್‌ಟೈಮ್ ಆರ್‌ಟಿ-ಪಿಸಿಆರ್‌ನದು. ಕೋವಿಡ್ ವೇಳೆಗೆ ಬಂದ ಯಂತ್ರ ಮತ್ತು ತರಬೇತಿ ಈಗ ಇದಕ್ಕೆ ಒದಗುತ್ತವೆ. ಆರ್‌ಎನ್‌ಎ ಬೇರ್ಪಡಿಸುವುದೂ ಸೇರಿ ನಾಲ್ಕೈದು ಗಂಟೆ ಬೇಕು. ಎ ವೈರಸ್‌ಗೆ ಮ್ಯಾಟ್ರಿಕ್ಸ್ ಜೀನ್, ಬಿ ವೈರಸ್‌ಗೆ ಸಾಮಾನ್ಯವಾಗಿ ಎನ್‌ಎಸ್ ಜೀನ್, ಮಾದರಿಯಲ್ಲಿ ಮನುಷ್ಯನ ಜೀವಕೋಶ ಇದೆಯೇ ಎಂದು ನೋಡಲು ಆರ್‌ನೇಸ್ ಪಿ ಜೀನ್, ಈ ಮೂರನ್ನು ನೋಡುತ್ತೇವೆ. ಮಾಸ್ಟರ್ ಮಿಕ್ಸ್ (ಪಿಸಿಆರ್ ಕ್ರಿಯೆಗೆ ಬೇಕಾದ ರಾಸಾಯನಿಕಗಳ ಮಿಶ್ರಣ) ತಯಾರಿಸುವ ಕೊಠಡಿ, ಆರ್‌ಎನ್‌ಎ ಬೇರ್ಪಡಿಸುವ ಕೊಠಡಿ, ಯಂತ್ರವಿರುವ ಕೊಠಡಿ ಮೂರೂ ಬೇರೆಯಾಗಿರಬೇಕು, ನಡೆಯುವ ದಾರಿ ಒಂದೇ ದಿಕ್ಕಿನದಾಗಿರಬೇಕು. ಯಂತ್ರದ ಕೊಠಡಿಗೆ ಹೋಗಿಬಂದ ಕೋಟು ಹಾಕಿಕೊಂಡು ಮಾಸ್ಟರ್ ಮಿಕ್ಸ್ ಮುಟ್ಟಬಾರದು. ಪ್ಲೇಟಿನ ಪ್ರತಿ ಬಾವಿಗೆ, ಅಂದರೆ ಮಾದರಿ ಹಾಕುವ ಪುಟ್ಟ ಗುಳಿಗೆ, 20 ಮೈಕ್ರೋಲೀಟರ್ ಮಿಕ್ಸ್, 5 ಮೈಕ್ರೋಲೀಟರ್ ಆರ್‌ಎನ್‌ಎ ಎಂಬ ಅಳತೆ ಇದ್ದರೆ, 22 ಮಾದರಿ ಮತ್ತು ಮೂರು ಕಂಟ್ರೋಲ್ (ಫಲಿತಾಂಶ ಮೊದಲೇ ಗೊತ್ತಿರುವ ತಾಳೆಯ ಮಾದರಿ) ಸೇರಿ 25ಕ್ಕೆ ಬದಲು 28ಕ್ಕೆ ಮಿಕ್ಸ್ ಮಾಡಿಕೊಳ್ಳಿ. ಪಿಪೆಟ್ಟಿನ ತುದಿಯಲ್ಲಿ ಉಳಿದುಹೋಗುವುದಕ್ಕೆ ಅದು ಸರಿಹೋಗುತ್ತದೆ. ನೀರು ಎಂದರೆ ನ್ಯೂಕ್ಲಿಯೇಸ್‌ರಹಿತ (ಆರ್‌ಎನ್‌ಎಯನ್ನು ತುಂಡರಿಸುವ ಕಿಣ್ವ ಇಲ್ಲದ) ನೀರು ಮಾತ್ರ. ನಮ್ಮ ಕಡೆಯ ಕೊಳವೆಬಾವಿಯ ಗಡಸು ನೀರು ಗಾಜಿನ ಸಾಮಾನು ತೊಳೆಯುವಾಗ ಕೊನೆಯ ಸಲ ಜಾಲಿಸಲೂ ಸಲ್ಲದು.

ಯಂತ್ರ ನಿಂತ ಮೇಲೆ ಮೊದಲು ಕಂಟ್ರೋಲ್‌ಗಳನ್ನು ನೋಡಿ, ಆಮೇಲೆ ರೋಗಿಗಳನ್ನು. ಬರೀ ನೀರು ಹಾಕಿದ ಬಾವಿಯ ರೇಖೆ ಪರದೆಯಲ್ಲಿ ಏರಿದ್ದರೆ ಆ ಇಡೀ ಪ್ಲೇಟಿನ ಯಾವ ಫಲಿತಾಂಶವನ್ನೂ ಕೊಡಬಾರದು, ವೈದ್ಯರು ಎಷ್ಟೇ ಬಾರಿ ಫೋನ್ ಮಾಡಿದರೂ ಕೊಡಬಾರದು. ಪಾಸಿಟಿವ್‌ನ ರೇಖೆ ಇಂಗ್ಲಿಷ್ ಎಸ್ ಅಕ್ಷರದಂತೆ ಬಾಗಿ ಏರುತ್ತದೆ. ಓರೆಯಾಗಿ ನಿಧಾನವಾಗಿ ತೆವಳುವ ರೇಖೆಗೆ ಯಂತ್ರ ಸಿಟಿ ಮೌಲ್ಯ (ರೇಖೆ ಎಷ್ಟನೇ ಸುತ್ತಿನಲ್ಲಿ ಗುರುತು ದಾಟಿತು ಎಂಬ ಸಂಖ್ಯೆ) ಕೊಟ್ಟರೂ ಅದನ್ನು ಕಣ್ಣಿನಿಂದ ನೋಡಿಯೇ ತೀರ್ಮಾನಿಸಬೇಕು. ಸಿಟಿ ಮೌಲ್ಯ ಸುಮಾರು 3.3 ಕಡಿಮೆಯಾದರೆ ವೈರಸ್ ಹತ್ತುಪಟ್ಟು ಹೆಚ್ಚಿದೆ ಎಂದರ್ಥ. ಆದರೆ ಸ್ವ್ಯಾಬ್ ಹೇಗೆ ತೆಗೆದರು ಎಂಬುದರ ಮೇಲೂ ಅದು ಏರಿಳಿಯುವುದರಿಂದ, ಸಿಟಿ ನೋಡಿ ರೋಗ ಎಷ್ಟು ಗಂಭೀರ ಎಂದು ಹೇಳಲು ಹೋಗಬೇಡಿ. ವೈರಸ್ ಜೀನೂ ಇಲ್ಲ, ಆರ್‌ನೇಸ್ ಪಿಯೂ ಇಲ್ಲ ಎಂದರೆ ಅದು ನೆಗೆಟಿವ್ ಅಲ್ಲ. ಮಾದರಿಯೇ ಸರಿಯಿಲ್ಲ, ಹೊಸದು ಬೇಕು.

ಸ್ವಚ್ಛತೆಯಲ್ಲಿ ಒಂದು ಅಪಾಯವನ್ನು ಹೇಳಲೇಬೇಕು. ಮೇಜು ಒರೆಸಲು ಶೇಕಡ 1ರ ಸೋಡಿಯಂ ಹೈಪೋಕ್ಲೋರೈಟ್ (ಬ್ಲೀಚ್) ಬಳಸುತ್ತೇವೆ, ಅಂದರೆ ಶೇಕಡ 5ರ ದ್ರಾವಣದ ಒಂದು ಪಾಲಿಗೆ ನಾಲ್ಕು ಪಾಲು ನೀರು, ದಿನವೂ ಹೊಸದಾಗಿ. ಆರ್‌ಎನ್‌ಎ ಬೇರ್ಪಡಿಸುವ ಲೈಸಿಸ್ ಬಫರ್‌ನಲ್ಲಿ ಮತ್ತು ಕೆಲವು ಬಗೆಯ ಸಾಗಣೆ ದ್ರಾವಣಗಳಲ್ಲಿ ಗ್ವಾನಿಡಿನ್ ಲವಣ ಇರುತ್ತದೆ. ಅದಕ್ಕೆ ಹೈಪೋಕ್ಲೋರೈಟ್ ಸೇರಿದರೆ ವಿಷಾನಿಲ ಹುಟ್ಟುತ್ತದೆ. ಆ ತ್ಯಾಜ್ಯಕ್ಕೆ ಬೇರೆ ಡಬ್ಬಿ ಇಟ್ಟು, ಅದರ ಮೇಲೆ "ಬ್ಲೀಚ್ ಹಾಕಬೇಡಿ" ಎಂದು ಕನ್ನಡದಲ್ಲೇ ದೊಡ್ಡದಾಗಿ ಬರೆದು ಅಂಟಿಸಿ, ಸ್ವಚ್ಛತೆಯ ಕೆಲಸದವರಿಗೆ ಬಾಯಿಮಾತಿನಲ್ಲೂ ತಿಳಿಸಿ.

ಹಳೆಯ ವಿಧಾನಗಳ ಬಗ್ಗೆ ಎರಡು ಮಾತು ಸಾಕು. ಇಮ್ಯುನೋಫ್ಲೋರೆಸೆನ್ಸ್‌ನಲ್ಲಿ ಮೂಗಿನ ಜೀವಕೋಶಗಳನ್ನು ಸ್ಲೈಡಿನ ಮೇಲೆ ಅಸಿಟೋನ್‌ನಿಂದ ಸ್ಥಿರಗೊಳಿಸಿ, ಹೊಳೆಯುವ ಪ್ರತಿಕಾಯ ಹಾಕಿ ನೋಡಿದರೆ ಸೋಂಕಿತ ಕೋಶಗಳು ಎಳೆ ಹಸಿರಾಗಿ ಹೊಳೆಯುತ್ತವೆ. ಕೆಲವೇ ಗಂಟೆಗಳ ಕೆಲಸವಾದರೂ ಪಳಗಿದ ಕಣ್ಣು ಬೇಕು. ಎಂಡಿಸಿಕೆ ಎಂಬ, ನಾಯಿಯ ಮೂತ್ರಪಿಂಡದ ಜೀವಕೋಶಗಳಲ್ಲಿ ವೈರಸ್ ಬೆಳೆಸುವ ಷೆಲ್ ವಯಲ್ ವಿಧಾನಕ್ಕೆ ಒಂದರಿಂದ ಮೂರು ದಿನ, ಸಾಂಪ್ರದಾಯಿಕ ಕಲ್ಚರ್‌ಗೆ ಮೂರರಿಂದ ಹತ್ತು ದಿನ ಹಿಡಿಯುತ್ತದೆ. ಲಸಿಕೆಗೆ ತಳಿ ಆರಿಸುವವರಿಗೆ ಅದು ಅತ್ಯಗತ್ಯ, ವಾರ್ಡಿನ ರೋಗಿಗಲ್ಲ. ರಕ್ತದ ಪ್ರತಿಕಾಯ ಪರೀಕ್ಷೆಗೆ ಎರಡು ಮೂರು ವಾರದ ಅಂತರದಲ್ಲಿ ಎರಡು ಮಾದರಿ ಬೇಕಾಗುವುದರಿಂದ ಚಿಕಿತ್ಸೆಗೆ ಅದರಿಂದ ಪ್ರಯೋಜನವಿಲ್ಲ.

ಕೋಲಾರ, ಚಿಕ್ಕಬಳ್ಳಾಪುರದವರು ಕೋಳಿಗಳನ್ನು ಮರೆಯುವಂತಿಲ್ಲ. 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ ತಾಲ್ಲೂಕಿನ ವರದಹಳ್ಳಿಯ ಕೋಳಿಗಳಲ್ಲಿ ಹಕ್ಕಿಜ್ವರ ಖಚಿತವಾಗಿತ್ತು. ಸತ್ತ ಹಕ್ಕಿಗಳ ಮಾದರಿ ಪಶುಪಾಲನಾ ಇಲಾಖೆಯ ಮೂಲಕ ಭೋಪಾಲ್‌ನ ಅತಿಭದ್ರತೆಯ ಪಶುರೋಗ ಪ್ರಯೋಗಾಲಯಕ್ಕೆ ಹೋಗುತ್ತದೆ, ಅದು ನಮ್ಮ ಮೇಜಿಗೆ ಬರಬಾರದು. ಮನುಷ್ಯರ ಮಾದರಿಯಲ್ಲಿ ನಮಗೆ ಸಿಗುವ ಸುಳಿವು ಹೀಗಿರುತ್ತದೆ: ಮ್ಯಾಟ್ರಿಕ್ಸ್ ಜೀನ್ ಸಿಟಿ 35ಕ್ಕಿಂತ ಕಡಿಮೆಯಲ್ಲಿ ಬಲವಾಗಿ ಏರಿದೆ, ಎ ವೈರಸ್ ಖಂಡಿತ ಇದೆ, ಆದರೆ ಅದರ ಬಗೆ ತಿಳಿಯಲು ಮಾಡುವ ಎಚ್1 ಮತ್ತು ಎಚ್3 ಪರೀಕ್ಷೆಗಳೆರಡೂ ನೆಗೆಟಿವ್. ಸಿಟಿ 37, 38ರಲ್ಲಿ ಹೀಗಾದರೆ ಮಾದರಿ ದುರ್ಬಲವಾಗಿರಬಹುದು. ಬಲವಾದ ಮಾದರಿಯಲ್ಲಿ ಹೀಗಾದರೆ ಹೊಸ ಬಗೆಯ ವೈರಸ್ ಇರುವ ಸಾಧ್ಯತೆಯನ್ನು ಮೊದಲು ಯೋಚಿಸಬೇಕು. ಒಮ್ಮೆ ಮರುಪರೀಕ್ಷೆ ಮಾಡಿ, ಅದನ್ನು ಬೆಳೆಸಲು ಯತ್ನಿಸದೆ, ಉಳಿದ ಮಾದರಿಯನ್ನು ಭದ್ರವಾಗಿಟ್ಟು, ಅದೇ ದಿನ ಜಿಲ್ಲಾ ಸರ್ವೇಕ್ಷಣಾಧಿಕಾರಿಗೆ ಫೋನ್ ಮಾಡಿ. ಅವರ ಮೂಲಕ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಗೆ ಮಾದರಿ ಹೋಗಬೇಕು. ರೋಗಿ ಕೋಳಿ ಫಾರಂನಲ್ಲಿ ಕೆಲಸ ಮಾಡುತ್ತಾರೆಯೇ, ಮನೆಯಲ್ಲಿ ಇತ್ತೀಚೆಗೆ ಕೋಳಿಗಳು ಸತ್ತಿವೆಯೇ ಎಂಬ ಎರಡು ಪ್ರಶ್ನೆಗಳನ್ನು ಅರ್ಜಿಯಲ್ಲಿ ಅಚ್ಚು ಹಾಕಿಸಿಕೊಂಡರೆ, ಆ ಫೋನ್ ಮಾಡುವಾಗ ನಿಮ್ಮ ಕೈಯಲ್ಲಿ ಉತ್ತರವಿರುತ್ತದೆ.